ವಾಲಗ ನಿಂತ ಮೇಲಿನ ನೋವು

ನೋವಿಗೂ ಸಾಕ್ಷಿ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಉರಿ ಹತ್ತಿಕೊಂಡದ್ದು ಪಕ್ಕದ ಮನೆಯ ಹುಡುಗಿಯ ಮದುವೆಯಲ್ಲಿ.

ಮಡಿಕೇರಿಯಲ್ಲಿ ಅವರದೂ ನಮ್ಮದೂ ಒಂದೇ ಕಾಂಪೌಂಡು ಗೋಡೆ. ಅವರು ಕೊಡವರು, ನಮ್ಮದು ದೇವಸ್ಥಾನದ ಪೂಜೆಯವರ ಮನೆತನ. ಹಂದಿಮಾಂಸದ ಪಂದಿ ಕರಿಯೊಂದನ್ನು ಬಿಟ್ಟು ಉಳಿದೆಲ್ಲ ಬಟ್ಟಲುಗಳೂ ಆ ಗೋಡೆ ದಾಟಿ ಓಡಾಡುತ್ತಿದ್ದವು. ಹುಡುಗಿ ಪಿಯುಸಿಯಲ್ಲಿ ನನ್ನ ಬಯಾಲಜಿ ಕ್ಲಾಸಿನಲ್ಲಿ ಕೂತವಳು, ಸಣ್ಣದಕ್ಕೆಲ್ಲ ಅಳುವ ಜಾತಿಯಲ್ಲ. ಮದುವೆಗೆ ಕೆಲವೇ ದಿನವಿರುವಾಗ ಪಾಲಿಬೆಟ್ಟದಲ್ಲಿ ಅಜ್ಜಿಮನೆಯ ತೋಟಕ್ಕೆ ಹೋಗಿ, ಕಿತ್ತಳೆ ಮುಳ್ಳು ತುಳಿದು ಬಂದಳು. ಅಂಗಾಲು ಊದಿತು. ಮದುವೆ ಮನೆಯಲ್ಲಿ ಯಾರಿಗೆ ಪುರುಸೊತ್ತು? ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಎಲ್ಲ ಮುಗಿದ ಮೇಲೆ ಡಾಕ್ಟರಿಗೆ ತೋರಿಸಿದರಾಯಿತು ಎಂದು ಬಿಟ್ಟರು.

ಮುಹೂರ್ತ, ಊಟ ಎರಡೂ ಆದವು. ಉಳಿದದ್ದು ಗಂಗಾಪೂಜೆ. ಮದುಮಗಳು ಬಾವಿಗೆ ಪೂಜೆ ಮಾಡಿ, ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಒಳಗೆ ಬರಬೇಕು. ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಅವರು ಬಿಟ್ಟಷ್ಟೇ ಅವಳು ಮುಂದೆ ಬರಬೇಕು. ಹೊಸ ಸೊಸೆಯ ತಾಳ್ಮೆ ನೋಡುವ ಶಾಸ್ತ್ರವಿದು. ನೋಡಲು ಚಂದವೇ. ಆದರೆ ಆ ದಿನ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಬ್ಬ ಸುಸ್ತಾಗಿ ಬದಿಗೆ ಸರಿದರೆ ಇನ್ನೊಬ್ಬ ಗ್ಲಾಸು ಕೆಳಗಿಟ್ಟು ಬರುತ್ತಿದ್ದ. ಮದುವೆ ಹಾಲ್‌ನ ಹಿಂದಿನ ಬಾವಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಬಿಸಿಲೇ ಇಳಿದಿತ್ತು. ಹುಡುಗಿ ಅಲುಗಾಡಲಿಲ್ಲ. ನಗುತ್ತಲೂ ಇದ್ದಳು.

ಕೊಡ ಇಳಿಸಿ ಕುರ್ಚಿಯಲ್ಲಿ ಕೂತವಳ ಮುಖ ನೋಡುನೋಡುತ್ತಲೇ ಬಿಳಿಚಿಕೊಂಡಿತು. "ಟೀಚರ್, ಕಾಲು ಊರ್ಲಿಕ್ಕೆ ಆಗ್ತಾ ಇಲ್ಲ" ಎಂದು ನನ್ನ ಕೈ ಹಿಡಿದುಕೊಂಡಳು.

ಗಂಡಿನ ಸೋದರತ್ತೆ ಅಲ್ಲೇ ಇದ್ದರು. ನನ್ನ ಕಡೆ ತಿರುಗಿ, "ಎಂತ ಟೀಚರ್, ಇಷ್ಟು ಹೊತ್ತು ಕೊಡ ಹೊತ್ತು ನಗ್ತಾ ನಿಂತಿದ್ಳಲ್ಲ? ಡ್ಯಾನ್ಸ್ ಮುಗಿದ ಕೂಡ್ಲೆ ನೋವು ಬಂತಾ? ಇದೆಲ್ಲ ಡ್ರಾಮ" ಎಂದರು. ತಾಯಿ ಮಗಳ ಕಿವಿಯಲ್ಲಿ ತಮ್ಮ ಮನೆಮಾತು ಕೊಡವ ತಕ್ಕಿನಲ್ಲಿ ಹೇಳಿದ್ದೂ ನನಗೆ ಅರ್ಥವಾಯಿತು: ಮೊದಲ ದಿನವೇ ರಗಳೆ ಬೇಡ, ತಡೆದುಕೋ.

ತಡೆದುಕೊಂಡದ್ದಕ್ಕೇ ತಾನೆ ಈ ಮಾತು ಕೇಳಬೇಕಾದದ್ದು!

ನಾನು ವರ್ಷವೂ ಪಾಠ ಮಾಡುತ್ತೇನೆ. ಬಿಳಿ ರಕ್ತಕಣಗಳು ಸೈನಿಕರಿದ್ದಂತೆ ಎಂದರೆ ಸಾಕು, ನಮ್ಮ ಜಿಲ್ಲೆಯ ಮಕ್ಕಳು ನೆಟ್ಟಗೆ ಕೂರುತ್ತಾರೆ. ಪಠ್ಯದಲ್ಲಿಲ್ಲದ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಊದಿಕೊಂಡ ಜಾಗಕ್ಕೆ ಬಂದು ಸೇರುವ ಆ ಕಣಗಳು ಹೊಡೆದಾಡುವುದಷ್ಟೇ ಅಲ್ಲ, ಅಫೀಮಿನಂತೆ ನೋವು ತಗ್ಗಿಸುವ ಎಂಡಾರ್ಫಿನ್‌ನಂಥ ಪದಾರ್ಥವನ್ನು ತಾವೇ ತಯಾರಿಸಿ ಇಟ್ಟುಕೊಂಡಿರುತ್ತವೆ. ಮೈ ಒತ್ತಡಕ್ಕೆ ಸಿಕ್ಕಿದಾಗ ಅದನ್ನು ಅಲ್ಲೇ, ಗಾಯದ ಬುಡದಲ್ಲೇ ಸುರಿಯುತ್ತವೆ. ಅದು ಅಲ್ಲಿನ ನರದ ತುದಿಗೆ ಅಂಟಿ, ನೋವಿನ ಸುದ್ದಿ ಮೇಲೆ ಹೋಗದ ಹಾಗೆ ತಡೆಯುತ್ತದೆ. ಮೆದುಳೂ ತನ್ನ ಪಾಲು ಕೊಡುತ್ತದೆ. ಗಾಯ ಮಾತ್ರ ಇದ್ದ ಹಾಗೇ ಇರುತ್ತದೆ. ಒತ್ತಡ ಇಳಿದು ಮದ್ದು ಕರಗಿತೆಂದರೆ ನೋವು ಮತ್ತೆ ತಲೆಯೆತ್ತುತ್ತದೆ. ನೂರು ಜನರೆದುರು ಬಿದ್ದು ಮಾನ ಹೋಗಬಾರದೆಂದು ಮೈಯೇ ಬೇಯಿಸಿ ಬಡಿಸಿದ ಮದ್ದು ಅದು. ಅದನ್ನೇ ತಿರುಗಿಸಿ ಅವಳ ವಿರುದ್ಧವೇ ಸಾಕ್ಷಿ ಹೇಳಿಸುವುದೆಂದರೆ ಏನು ನ್ಯಾಯ?

ಸೋದರತ್ತೆಗೆ ಇಷ್ಟೆಲ್ಲ ವಿವರಿಸುವ ವ್ಯವಧಾನ ನನಗಿರಲಿಲ್ಲ. ನೆಲದ ಮೇಲೆ ಕೂತು, ರೇಷ್ಮೆ ಸೀರೆಯ ಅಂಚು ಸರಿಸಿ ಕಾಲಿನ ಬಟ್ಟೆ ಬಿಚ್ಚಿದೆ. ಅಂಗಾಲು ಕೆಂಪೇರಿ ಹೊಳೆಯುತ್ತಿತ್ತು. ಹಿಮ್ಮಡಿಯ ಪಕ್ಕದಿಂದ ಮೊಣಕಾಲಿನತ್ತ ಒಂದು ಕೆಂಪು ಗೆರೆ ಹತ್ತಿತ್ತು. ನಂಜು ಏರುತ್ತಿದೆ ಎಂದು ಹೇಳಲು ಬಯಾಲಜಿ ಬೇಕಿಲ್ಲ. "ಇದು ಯಾವ ಡ್ರಾಮ, ನೀವೇ ಹೇಳಿ" ಎಂದೆ. ಗಂಡು ಸೇನೆಯಿಂದ ರಜೆಯ ಮೇಲೆ ಬಂದವನು. ಮದುವೆಯ ನಿಲುವಂಗಿ ಕುಪ್ಯ ತೊಟ್ಟಿದ್ದ ಹಾಗೇ ಹೋಗಿ ಕಾರು ತಂದ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಮೊದಲು ಒಡವೆ ನೋಡಿದರು, ಆಮೇಲೆ ಕಾಲು. ಎಷ್ಟು ಹೊತ್ತು ನಿಂತಿದ್ದಳೆಂದು ಕೇಳಿ, "ಅಷ್ಟು ಹೊತ್ತು ನಿಂತಿದ್ದಾರೆ ಅಂದ್ರೆ ನೋವು ಅಷ್ಟೇನೂ ಇರ್ಲಿಕ್ಕಿಲ್ಲ. ಮಾತ್ರೆ ಕೊಡ್ತೇನೆ, ನಾಳೆ ಬನ್ನಿ" ಎಂದರು.

ಸೋದರತ್ತೆಯನ್ನಾದರೂ ಕ್ಷಮಿಸಬಹುದಿತ್ತು. ಈ ಮನುಷ್ಯ ನಾನು ಕಲಿಸುವುದಕ್ಕಿಂತ ದಪ್ಪ ಪುಸ್ತಕ ಓದಿ ಬಂದವರು! "ನಿಂತದ್ದನ್ನು ನೋಡ್ಬೇಡಿ ಡಾಕ್ಟರೇ, ಗೆರೆ ನೋಡಿ" ಎಂದು ನಾನು ಕೂಗಿದ್ದಕ್ಕೆ ಹೊರಗಿನ ಬೆಂಚಿನವರೆಲ್ಲ ಎದ್ದು ನಿಂತರು. ಡಾಕ್ಟರು ಬಗ್ಗಿ ನೋಡಿದರು. ನೋಡಿದ ಮೇಲೆ ನಾಳೆಯ ಮಾತು ಬರಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದರು. ಕೀವಿನ ಜೊತೆಗೆ ಮುಳ್ಳಿನ ತುದಿಯೂ ಬಂತು. ಅಡ್ಮಿಟ್ ಮಾಡಬೇಕು, ಡ್ರಿಪ್ ಹಾಕಬೇಕು ಎಂದರು, ನನ್ನ ಮುಖ ನೋಡದೆ.

ಅಷ್ಟರಲ್ಲಿ ಸೋದರತ್ತೆಯೂ ಬಂದರು. ಮುಳ್ಳನ್ನು ಕಣ್ಣಾರೆ ಕಂಡು, ವಾರ್ಡಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಕಾಲಲ್ಲಿ ಮುಳ್ಳಿಟ್ಕೊಂಡು ನೀರು ಹೊತ್ಳು ಅಂತ! ನಮ್ಮ ಮನೆಗೆ ತಕ್ಕ ಸೊಸೆ." ಹೀಗೆ ಅವಳ ನೋವು ಕೊನೆಗೆ ಅವರ ಮನೆತನದ ಹೆಮ್ಮೆಯೂ ಆಗಿಹೋಯಿತು.

ಹುಡುಗಿ ಡ್ರಿಪ್ ಹಾಕಿದ್ದ ಕೈಯಿಂದಲೇ ನನ್ನ ಸೆರಗು ಎಳೆದಳು. ಯಾರಿಗೂ ಕೇಳಿಸಬಾರದೆಂಬ ಹಾಗೆ, "ಟೀಚರ್, ನಂಗೆ ನಿಜವಾಗ್ಲೂ ನೋವಿತ್ತು ಅಲ್ವಾ?" ಎಂದು ಕೇಳಿದಳು.

"ಇತ್ತು" ಎಂದೆ, ಬಾಗಿಲಿನವರೆಗೂ ಕೇಳಿಸಲಿ ಎಂದು. ಅವಳು ನಂಬಲಿಲ್ಲ, ತಲೆ ಹೊರಳಿಸಿ ಸೋದರತ್ತೆಯ ಮುಖವನ್ನೇ ನೋಡುತ್ತಿದ್ದಳು.