ಹಿಂದಿನ ಕೋಣೆಯ ಬೀಗ

ನಾನು ಬೀಗ ಬಿಚ್ಚುವುದನ್ನು ಕಲಿತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಚಾಮರಾಜನಗರದ ನಮ್ಮ ಮನೆಯ ಜಗಲಿಯ ಮೇಲೆ. ಐವತ್ತರ ದಶಕದ ನಡುಗಾಲ. ಅಪ್ಪ ಅರಿಸಿನದ ವ್ಯಾಪಾರಿ. ನಮ್ಮ ಬಟ್ಟೆಬರೆ, ಹಾಸಿಗೆ, ಕೊನೆಗೆ ಕುಡಿಯುವ ನೀರಿಗೂ ಅರಿಸಿನದ ವಾಸನೆ. ಮಿಡ್ಲ್ ಸ್ಕೂಲಿನ ನಂತರ ಓದು ನಿಂತಿತ್ತು. ಗಂಡು ಗೊತ್ತಾಗಿರಲಿಲ್ಲ. ಹಗಲು ಬಹಳ ಉದ್ದವಾಗಿತ್ತು.

ಒಂದು ದಿನ ಅಜ್ಜಿಯ ಕಾಲದ ಮರದ ಪೆಟ್ಟಿಗೆಯ ಬೀಗ ಹಿಡಿದುಕೊಂಡಿತು. ಅಪ್ಪ ಒಡೆಯಲು ಸುತ್ತಿಗೆ ಎತ್ತಿದಾಗ ಅವ್ವ ಬೇಡವೆಂದು ಸಾಬರನ್ನು ಕರೆಸಿದಳು. ಅಂಗಡಿ ಬೀದಿಯ ಮೂಲೆಯಲ್ಲಿ ಬೀಗ, ಕೊಡೆ, ಟ್ರಂಕು ರಿಪೇರಿ ಮಾಡುತ್ತಿದ್ದ ಮುದುಕರು ಅವರು. ಕೊಡೆಯ ಕಡ್ಡಿಗಳನ್ನು ಅರದಿಂದ ಉಜ್ಜಿ ಮಾಡಿಕೊಂಡ ಎರಡು ತಂತಿ ಹೊರತೆಗೆದು, ಬೀಗದ ಕಡೆ ನೋಡದೆ ಬೀದಿಯ ಕಡೆ ನೋಡುತ್ತಾ, ಏನೋ ನೆನಪಿಸಿಕೊಳ್ಳುವವರ ಹಾಗೆ ಕೂತರು. ಒಂದು ಎಲೆಯಡಿಕೆ ಅಗಿಯುವಷ್ಟರಲ್ಲಿ ಬೀಗ ಬಾಯಿ ಬಿಟ್ಟಿತು.

"ಹೆಂಗೆ ತೆಗೆದ್ರಿ ಸಾಬ್ರೇ?" ಎಂದು ಕೇಳಿದೆ.

ಅವರು ನಕ್ಕರು. "ಏನಿಲ್ಲಮ್ಮಾ. ಒಳಗೆ ನಾಕು ತಗಡು ಅದೆ. ಬೀಗದ ಕೈ ಬಂದ್ರೆ ಎದ್ದು ದಾರಿ ಬುಡ್ತವೆ. ಕೈ ಇಲ್ದೇ ಇದ್ರೆ ಒಂದೊಂದನ್ನೇ ನಾವು ಎಬ್ಬಿಸ್ಬೇಕು. ಜೋರು ಮಾಡಿದ್ರೆ ಏಳಲ್ಲ."

ಮುಂದಿನ ವಾರ ನಾನೇ ಹರಿದ ಕೊಡೆಯೊಂದನ್ನು ನೆಪ ಮಾಡಿಕೊಂಡು ಅವರ ಅಂಗಡಿಗೆ ಹೋದೆ. ಅವರು ಕೊಡೆ ಹೊಲಿದು, ಜೊತೆಗೆ ಬೀಗದ ಕೈ ಕಳೆದುಹೋದ ಒಂದು ಹಳೆಯ ಬೀಗವನ್ನೂ ಎರಡು ತಂತಿಗಳನ್ನೂ ಕೊಟ್ಟರು. "ಟೈಮ್ ಪಾಸ್‌ಗೆ ಇಟ್ಕೋ ಮಗಾ. ಯಾರ ಮನೆ ಬಾಗಿಲಿಗೂ ಹಾಕ್ಬೇಡ," ಎಂದರು.

ಮೊದಲ ದಿನ ತಂತಿ ಬಾಗಿತು, ಹೆಬ್ಬೆರಳು ಕುಯ್ದುಹೋಯಿತು. ಒಂದು ತಂತಿಯನ್ನು ಬೀಗದ ಕೈ ತಿರುಗುವ ಕಡೆಗೆ ಹಗುರವಾಗಿ ಒತ್ತಿ ಹಿಡಿಯಬೇಕು. ಇನ್ನೊಂದರಿಂದ ಒಳಗಿನ ತಗಡುಗಳನ್ನು ತಡಕಬೇಕು. ಒತ್ತಿದ್ದು ಹೆಚ್ಚಾದರೆ ಎಲ್ಲವೂ ಬಿಗಿದುಕೊಳ್ಳುತ್ತವೆ. ಕಡಿಮೆಯಾದರೆ ಎದ್ದದ್ದು ಮತ್ತೆ ಬೀಳುತ್ತದೆ. ಹತ್ತು ಹನ್ನೆರಡು ದಿನ ಬೀಗವನ್ನು ಬೈದುಕೊಂಡೇ ಕಳೆದೆ. ಕೊನೆಗೊಂದು ಮಧ್ಯಾಹ್ನ, ಯಾವುದೋ ಮದುವೆಯ ವಿಷಯ ಅವ್ವ ಹೇಳುತ್ತಿರುವಾಗ, ನಾನು ಹೂಂಗುಟ್ಟುತ್ತಿರುವಾಗ, ಕೊಂಡಿ ಟಕ್ಕೆಂದು ಹಾರಿತು. ನಾನು ಕೂಗಿಕೊಂಡೆ.

"ಹೆಣ್ಣುಮಗಳು ಬೀಗ ಬಿಚ್ಚೋದ ಕಲ್ತು ಯಾರ ಮನೆಗೆ ಕನ್ನ ಆಕ್ಬೇಕಮ್ಮಿ?" ಎಂದಳು ಅವ್ವ. ಆದರೆ ನಕ್ಕಳು. ಆ ವರ್ಷ ಅವ್ವ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಸಾಬರು ಒಂದಾದ ಮೇಲೊಂದು ಬೀಗ ಕೊಟ್ಟರು. ಆರು ತಿಂಗಳಲ್ಲಿ ಮನೆಯಲ್ಲಿದ್ದ ಬೀಗಗಳೆಲ್ಲ ನನ್ನ ಮಾತು ಕೇಳುತ್ತಿದ್ದವು. ನನ್ನದು ಅಂತ ಒಂದು ಕೆಲಸ ಇತ್ತು, ಅಷ್ಟೇ.

ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಕಾರ್ಡು ಬಂತು.

ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ನನಗಿಂತ ಮೂರು ವರ್ಷ ದೊಡ್ಡವಳು. ಚೊಚ್ಚಲ ಬಸಿರು, ಹೆರಿಗೆಗೆ ಕರೆತರಲು ನಾವು ಒಳ್ಳೆಯ ದಿನ ನೋಡುತ್ತಿದ್ದೆವು. ಅದಕ್ಕೂ ಮೊದಲೇ, ಎಂಟನೇ ತಿಂಗಳಲ್ಲಿ, ಸತ್ತ ಹೆಣ್ಣುಕೂಸು ಹುಟ್ಟಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ನಾವು ಹೋದಾಗ ಅಕ್ಕ ಜ್ವರದಲ್ಲಿ ಮಲಗಿದ್ದಳು, ಕಣ್ಣು ಬಿಡಲಿಲ್ಲ. ಈ ಸ್ಥಿತಿಯಲ್ಲಿ ಬಸ್ಸಿನ ಪ್ರಯಾಣ ಬೇಡವೆಂದು ಅವಳ ಅತ್ತೆ ಹೇಳಿದರು. ನನ್ನನ್ನು ಬಾಣಂತಿಯ ಆರೈಕೆಗೆ ಬಿಟ್ಟು ಅಪ್ಪ ಮರುದಿನ ಹೊರಟರು.

ಜ್ವರ ಬಿಟ್ಟಿತು, ಅಕ್ಕ ಎದ್ದಳು. ಆದರೆ ಎದ್ದವಳು ನಮ್ಮ ಅಕ್ಕನಂತಿರಲಿಲ್ಲ. ಬಾಣಂತಿ ಸನ್ನಿ ಎಂದರು ಕೇರಿಯವರು. ಒಂದು ದಿನ ಬೆಳಿಗ್ಗೆ ಬಂಡೀಪುರದ ರಸ್ತೆಯಲ್ಲಿ ಲಾರಿಗೆ ಅಡ್ಡ ನಿಂತು, ತನ್ನ ಕೂಸನ್ನು ಯಾರು ಕೊಂಡೊಯ್ದರೆಂದು ಡ್ರೈವರನನ್ನು ಕೇಳುತ್ತಿದ್ದಳಂತೆ. ಭಾವ ಕೈಹಿಡಿದು ಕರೆತಂದರು. ಅಂದಿನಿಂದ ರಾಗಿ ಚೀಲ ಇಡುತ್ತಿದ್ದ ಹಿಂದಿನ ಕೋಣೆಯಲ್ಲಿ ಅವಳನ್ನಿಟ್ಟು ಬೀಗ ಹಾಕಿದರು.

ಅವಳ ಅತ್ತೆ ಕೆಟ್ಟವರಲ್ಲ. ತಾವೇ ಬಿಸಿನೀರು ಕಾಯಿಸಿ ಸ್ನಾನ ಮಾಡಿಸುತ್ತಿದ್ದರು, ತುತ್ತು ಮಾಡಿ ತಿನ್ನಿಸುತ್ತಿದ್ದರು, ಮತ್ತೆ ಬೀಗ ಹಾಕುತ್ತಿದ್ದರು. "ಹಿತ್ತಲಲ್ಲಿ ಬಾವಿ ಅದೆ, ಆಚೆಗೆ ರಸ್ತೆ ಅದೆ. ನಾನೇನ ಮಾಡ್ಲಮ್ಮಿ?" ಎಂದು ನನ್ನೆದುರು ಕಣ್ಣೊರೆಸಿಕೊಂಡದ್ದೂ ಉಂಟು. ಮಧ್ಯಾಹ್ನ ದೂರದ ಹೊಲಕ್ಕೆ ಬುತ್ತಿ ಹೊತ್ತು ಹೋಗುವಾಗ ಮಾತ್ರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ನಿನ್ನ ಕೈಲಿ ಕೊಡಾಕಿಲ್ಲ ಕಣಮ್ಮಿ. ಒಡಹುಟ್ಟಿದೋಳು, ಕರುಳು ಕರಗಿ ತೆಗ್ದುಬುಡ್ತೀಯ."

ನನ್ನ ಟ್ರಂಕಿನಲ್ಲಿ ತಂತಿಗಳಿದ್ದವು. ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಅವರು ಬೇಲಿ ದಾಟಿದ ಕೂಡಲೇ ಬಾಗಿಲ ಮುಂದೆ ಕೂತೆ. ಆ ಬೀಗ ಹೊಸದು, ತಗಡು ಎಬ್ಬಿಸಿದಷ್ಟೂ ಜಾರುತ್ತಿತ್ತು.

ಒಳಗಿಂದ ಅಕ್ಕ, "ಯಾರು?" ಎಂದಳು.

"ನಾನು ಕಣಕ್ಕ."

"ಏನ ಮಾಡ್ತಿದ್ದೀಯೆ?"

"ಬೀಗ ಬಿಚ್ತಿವ್ನಿ. ಸುಮ್ಕಿರು."

ಅವಳು ಆಚೆ ಬದಿಯಲ್ಲಿ ಬಾಗಿಲಿಗೆ ಒರಗಿ ಕೂತದ್ದು ನನಗೆ ಕೇಳಿಸಿತು. ಬೀಗ ಬಿಚ್ಚಿಕೊಂಡಾಗ ನನ್ನ ರವಿಕೆ ಬೆವರಿಗೆ ಒದ್ದೆಯಾಗಿತ್ತು.

ಅಂದಿನಿಂದ ದಿನಾ ಒಂದೂವರೆ ಗಂಟೆ ಅಕ್ಕ ಹಿತ್ತಲಿನ ನುಗ್ಗೆಮರದ ಕೆಳಗೆ ಕೂರುತ್ತಿದ್ದಳು. ನಾನು ತಲೆ ಬಾಚುತ್ತಿದ್ದೆ. ಮೋಡವಿಲ್ಲದಿದ್ದರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಎಂಟು ಹತ್ತು ದಿನಕ್ಕೆ ಮಾತು ಸರಿಹೋಗತೊಡಗಿತು. ಅವ್ವನ ಮಂಡಿನೋವು ಹೇಗಿದೆ ಎಂದು ಕೇಳಿದಳು. ಇನ್ನೊಂದು ದಿನ, ನನ್ನ ಕಡೆ ತಿರುಗದೆಯೇ ಕೇಳಿದಳು: "ಕೂಸ ಎಲ್ಲಿ ಮಣ್ಣು ಮಾಡಿದ್ರು?"

ಯಾರೂ ಅವಳಿಗೆ ಹೇಳಿರಲಿಲ್ಲ. ಕೂಸಿನ ಮುಖವನ್ನೂ ತೋರಿಸಿರಲಿಲ್ಲ. ಮನೆಯ ಹಿಂದಿನ ಹೊಲದ ಬದುವಿನಲ್ಲಿ ಎಂಬುದು ನನಗೆ ಗೊತ್ತಿತ್ತು.

"ಕರ್ಕೊಂಡೋಗು," ಎಂದಳು. "ಓಡೋಗಲ್ಲ ಕಣೆ. ನಿನ್ನಾಣೆ."

ಕರೆದುಕೊಂಡು ಹೋದೆ. ಹಿಂದಿನ ದಿನ ಮಳೆ ಬಿದ್ದು ಮಣ್ಣು ಮೆತ್ತಗಿತ್ತು. ಗುರುತಿಗೆ ಎರಡು ಕಲ್ಲು ಇಟ್ಟಿದ್ದರು. ಅಕ್ಕ ಕೂತು, ಆ ಜಾಗದ ಉದ್ದವನ್ನು ಗೇಣಿನಿಂದ ಅಳೆದಳು. "ಇಷ್ಟೇ ಇತ್ತಾ," ಎಂದಳು. ಆಮೇಲೆ ಅತ್ತಳು. ಹೆತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನು ಬೆನ್ನು ಸವರುತ್ತಾ ನಿಂತೆ. ಅತ್ತು ಮುಗಿಸಿ ತಾನೇ ಎದ್ದಳು, ನನಗಿಂತ ಮುಂದೆ ನಡೆದಳು, ಕೋಣೆಯೊಳಗೆ ಹೋಗಿ, "ಹೊತ್ತಾಯ್ತು, ಬೀಗ ಆಕು," ಎಂದಳು.

ನಾನು ಹಾಕಿದೆ.

ಸಂಜೆ ಸ್ನಾನಕ್ಕೆ ಕರೆದೊಯ್ಯುವಾಗ ಅತ್ತೆ ಅವಳ ಕಾಲಿನ ಕೆಸರು ನೋಡಿದರು. ನಾನು ಬಚ್ಚಿಡಲಿಲ್ಲ, ತಂತಿಗಳನ್ನು ತಂದು ತೋರಿಸಿದೆ. ಅವರು ಬೈಯಲಿಲ್ಲ. ಹೆದರಿದವರ ಹಾಗೆ ನನ್ನ ಕೈಗಳನ್ನೇ ನೋಡಿದರು. ಭಾವ ಹೊಲದಿಂದ ಬಂದು ಎಲ್ಲ ಕೇಳಿಸಿಕೊಂಡು, "ಬಾವಿಗೆ ಬಿದ್ದಿದ್ರೆ ನಿಮ್ಮಪ್ಪಂಗೆ ಯಾರು ಉತ್ತರ ಹೇಳ್ತಿದ್ರು? ನಾಳೆ ಬಸ್ಸಿಗೆ ಹೊರಡಮ್ಮಿ," ಎಂದರು. ಅವರ ದನಿ ಒಡೆದಿತ್ತು.

ಹೊರಡುವಾಗ ಕಿಟಕಿಯ ಸರಳಿನ ನಡುವಿನಿಂದ ಅಕ್ಕ ನನ್ನ ಕೆನ್ನೆ ಮುಟ್ಟಿದಳು. "ಅಪ್ಪಂಗೆ ಏಳು," ಎಂದಳು. ಏನು ಹೇಳಬೇಕೆಂದು ಹೇಳಲಿಲ್ಲ.

ನಾನು ಅಪ್ಪನಿಗೆ ಹೇಳಲಿಲ್ಲ. ಬೀಗ ಬಿಚ್ಚಿದ್ದು ಗೊತ್ತಾದರೆ, ನನ್ನಿಂದ ಅಕ್ಕನ ಬಾಳು ಕೆಟ್ಟಿತೆಂದು ಮನೆಯಲ್ಲಿ ರಂಪವಾಗುತ್ತದೆಂಬ ಭಯ. "ಹುಷಾರಾಗ್ತಾ ಅವಳೆ" ಎಂದುಬಿಟ್ಟೆ. ಸುಳ್ಳೂ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದೀಪಾವಳಿಗೆ ಕರೆತರೋಣ ಎಂದರು ಅಪ್ಪ. ದೀಪಾವಳಿಗೆ ಇನ್ನೂ ಮೂರು ವಾರ ಇರುವಾಗ ಅಕ್ಕ ತೀರಿಕೊಂಡಳು. ಬಾವಿಯಲ್ಲ, ರಸ್ತೆಯಲ್ಲ, ಊಟ ಬಿಟ್ಟಿದ್ದಳು, ಮತ್ತೆ ಜ್ವರ ಬಂತು, ಎರಡೇ ದಿನ. ಮಣ್ಣು ಮಾಡುವ ಹೊತ್ತಿಗೆ ನಾವು ತಲುಪಿದೆವು. ಅತ್ತೆ ಅವ್ವನ ಕಾಲು ಹಿಡಿದುಕೊಂಡು ಗೋಳಾಡಿದರು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು, ಚಿಲಕದಲ್ಲಿ ದೊಡ್ಡದೊಂದು ಬೀಗ ನೇತಾಡುತ್ತಿತ್ತು. ಅದನ್ನು ನೋಡಿ ಅಪ್ಪ ನನ್ನ ಕಡೆ ತಿರುಗಿದರು.

ಬೀಗ ಬಿಚ್ಚುತ್ತಿದ್ದ ಆ ದಿನಗಳಲ್ಲಿ ನಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ತಿಳಿದಿದ್ದೆ. ಯಾರಿಗೂ ಬಾರದ ವಿದ್ಯೆ ನನಗೆ ಬರುತ್ತದೆಂಬ ಹೆಮ್ಮೆಯೂ ಇತ್ತು. ದಿನಾ ನನ್ನ ಕೈಯಾರೆ ಬಿಚ್ಚಿದ್ದು ನಿಜ. ದಿನಾ ನನ್ನ ಕೈಯಾರೆ ಮತ್ತೆ ಹಾಕಿದ್ದೂ ನಿಜ. ಮೂರಾಣೆಯೋ ಎಷ್ಟೋ ಖರ್ಚು ಮಾಡಿ ಒಂದು ಕಾಗದ ಬರೆದಿದ್ದರೆ ಅಪ್ಪ ಗಾಡಿ ಕಟ್ಟಿಕೊಂಡಾದರೂ ಬರುತ್ತಿದ್ದರು.

ಅವ್ವನಿಗೆ ಇದನ್ನೆಲ್ಲ ಹೇಳಿದ್ದು ಮರುವರ್ಷ, ಅರಿಸಿನ ಒಣಹಾಕಿದ್ದ ಅಂಗಳದಲ್ಲಿ ಇಬ್ಬರೇ ಇದ್ದಾಗ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಯಾಡಿಸುವುದನ್ನು ನಿಲ್ಲಿಸಲಿಲ್ಲ. ಒಂದೇ ಒಂದು ಮಾತು ಕೇಳಿದಳು:

"ಆಚೆ ಕೂತಿದ್ದಾಗ ಏನಾದ್ರೂ ತಿಂದ್ಲಾ?"

"ಹೂಂ ಕಣವ್ವ," ಎಂದೆ. "ಕಡ್ಲೆಕಾಯಿ ಸುಲ್ದು ಕೊಡ್ತಿದ್ದೆ. ತಿಂತಿದ್ಲು."

ಅವ್ವ ತಲೆಯಾಡಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.