ಬೀಗತಿ ತಂದ ಮೆಂತ್ಯ

ನೆನೆಸಿದ ಮೆಂತ್ಯದ ಒಂದು ಕಾಳು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ನಾಲಿಗೆಗೆ ಇಡೀ ಮುಂಜಾನೆ ಅದೊಂದೇ ಉದ್ಯೋಗವಾಗುತ್ತದೆ. ನಿಮಗೂ ಇದರ ಪರಿಚಯವಿರಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಅರವತ್ತು ದಾಟಿದವರಲ್ಲಿ ಮೆಂತ್ಯ ನುಂಗದವರು ವಿರಳ, ನುಂಗಿದ್ದನ್ನು ನಾಲ್ಕು ಮಂದಿಗೆ ಉಪದೇಶಿಸದವರು ಇನ್ನೂ ವಿರಳ. ನಾನೂ ನುಂಗುತ್ತೇನೆ. ಸಕ್ಕರೆ ಇಳಿಯಿತೋ ಇಲ್ಲವೋ ತಿಳಿಯದು, ಸ್ವಭಾವದ ಕಹಿಯಂತೂ ಏರಿದೆಯೆಂದು ಮನೆಯವಳ ಅಭಿಪ್ರಾಯ.

ಚೀನಾದ ಹಳೆಯ ವೈದ್ಯದಲ್ಲಿಯೂ ಈ ಕಾಳಿಗೆ ಮರ್ಯಾದೆಯುಂಟು. ‘ಹು ಲು ಬಾ’ ಎಂದು ಅಲ್ಲಿ ಅದರ ಹೆಸರು. ಮೂತ್ರಪಿಂಡಕ್ಕೆ ಕಾವು ಕೊಡಲು, ಕಿಬ್ಬೊಟ್ಟೆಯ ಶೀತಶೂಲೆಗೆ, ಥಂಡಿ ಹಿಡಿದು ಭಾರವಾದ ಕಾಲುಗಳಿಗೆ ಅದನ್ನು ಕೊಡುತ್ತಾರಂತೆ. ಆದರೆ ನಾಡಿ ಹಿಡಿದು ನೋಡಿ, ಉಪ್ಪುನೀರು ಚಿಮುಕಿಸಿ ಹದವಾಗಿ ಹುರಿದು, ಬೇರೆ ಮೂಲಿಕೆಗಳ ಜೊತೆಗೆ ಅಳತೆಯಿಟ್ಟು. ಈ ‘ಆದರೆ’ಯ ಮುಂದಿನದೆಲ್ಲ ಮೊಬೈಲಿನ ವಿಡಿಯೋದಲ್ಲಿ ಕಳಚಿಹೋಗಿ, ಕಾಲು ಮತ್ತು ಕಾಳು ಎರಡೇ ಉಳಿದು ನಮ್ಮ ಅಕ್ಕನ ಮನೆಗೆ ಬಂದವು.

ತಂದವರು ಅಕ್ಕನ ಬೀಗತಿ, ಅಂದರೆ ಸೊಸೆಯ ತಾಯಿ, ಅಮ್ಮಿನಬಾವಿಯ ಒಕ್ಕಲು ಮನೆತನದವರು. ಬಾಣಂತಿ ಮಗಳಿಗೆ ಮೆಂತ್ಯದ ಉಂಡಿ ಕಟ್ಟುತ್ತ, ಕೂಸನ್ನು ಆಡಿಸುತ್ತ ಹುಬ್ಬಳ್ಳಿಯ ಆ ಮನೆಯಲ್ಲಿ ಕೆಲವು ತಿಂಗಳು ನಿಂತರು. ಅಕ್ಕನಿಗೆ ಸಕ್ಕರೆ ಕಾಯಿಲೆ ಹಳೆಯದು. ಅಂಗಾಲು ತಣ್ಣಗಾಗಿ ಜೋಮು ಹಿಡಿದು ಉರಿಯುತ್ತಿತ್ತು.

“ಅಕ್ಕಾರ, ಆ ಗುಳಗಿ ಬಿಡ್ರಿ. ಚೀನಾದವ್ರು ಸೈತ ಕಾಲಿಗೆ ಇದನ್ನ ತಿಂತಾರಂತ. ನಮ್ಮ ಹೊಲದ್ದ ಐತ್ರಿ,” ಎಂದರು ಬೀಗತಿ.

ಅಜ್ಜಿಯರು ಬಾಯಿ ನೋಯುವಷ್ಟು ಹೇಳಿದಾಗ ಕೇಳದ ನಮಗೆ ಚೀನಾದ ಶಿಫಾರಸು ಬೇಕಾಯಿತು, ನೋಡಿ! ಅಕ್ಕನಿಗೆ ಮಾತ್ರ ಚೀನಾದ ಗೊಡವೆಯಿರಲಿಲ್ಲ, ಬೀಗರ ಮಾತು ದೊಡ್ಡದಾಗಿತ್ತು. ಬೀಗರು ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತಿದ್ದರೂ ಕೈ ಅಡ್ಡ ಹಿಡಿಯುವುದು ನೆಪಕ್ಕಷ್ಟೆ. ಅವರ ಮೆಂತ್ಯ ತಿಂದು ಅವರೆದುರಿಗೇ ಡಾಕ್ಟರರ ಗುಳಿಗೆ ನುಂಗಿದರೆ ಅವರ ಮೇಲೆ ನಂಬಿಕೆಯಿಲ್ಲವೆಂದು ಸಾರಿದಂತೆ. ಅಕ್ಕ ಗುಳಿಗೆ ಬಿಟ್ಟಳು. ನಾನು ಬೈದೆ, ಅವಳ ಮಗ ಬೈದ. “ಆತಪಾ, ತಗೋತೇನಿ,” ಎನ್ನುವಳು, ತೆಗೆದುಕೊಳ್ಳಲಿಲ್ಲ. ಹಾಳಾದ ಮರ್ಯಾದೆ!

ಕ್ರಮೇಣ ಉರಿ ನಿಂತಿತು. “ಒಂದೀಟೂ ನೋವಿಲ್ನೋಡ್ರಿ!” ಎಂದು ಬೀಗತಿಯರಿಬ್ಬರೂ ಹಿಗ್ಗಿದರು. ಉರಿಯ ಜೊತೆಗೆ ಪಾದದ ಸಂವೇದನೆಯೇ ಸತ್ತಿದೆಯೆಂದು ನಮಗೆ ಡಾಕ್ಟರರು ತಿಳಿಸುವ ಹೊತ್ತಿಗೆ, ಚಪ್ಪಲಿಯ ಮೊಳೆ ಬೆರಳ ಬುಡಕ್ಕೆ ಚುಚ್ಚಿ, ಚುಚ್ಚಿದ್ದು ಅವಳಿಗೆ ಗೊತ್ತೇ ಆಗದೆ, ಗಾಯ ಕೊಳೆತು ಎಡಗಾಲಿನ ಎರಡು ಬೆರಳು ತೆಗೆಯುವ ಪ್ರಸಂಗ ಬಂದಿತ್ತು.

ಆಸ್ಪತ್ರೆಗೆ ಬಂದ ಬೀಗತಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. “ನನ್ನಿಂದ ಹಿಂಗಾತೇನ್ರಿ ಅಕ್ಕಾರ?”

ಹೌದೆನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಕ್ಕ ಅಂದಳು: “ಛೆ, ಛೆ! ನಿಮ್ಮ ಮೆಂತೆ ಇರ್ಲಿಲ್ಲಂದ್ರ ಇಡೀ ಕಾಲ ಹೋಗ್ತಿತ್ರಿ.”

ಬೀಗತಿಯ ಅಳು ನಿಂತಿತು. ತುಸು ಹೊತ್ತಿನಲ್ಲೇ ಅವರು ಪಕ್ಕದ ಹಾಸಿಗೆಯ ಹೆಂಗಸಿನ ಬಳಿ ಕುಳಿತು, ಮೆಂತ್ಯ ಹೇಗೆ ನೆನೆಹಾಕಬೇಕೆಂದು ವಿವರಿಸತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಕಿವಿಯ ಹತ್ತಿರ ಬಗ್ಗಿ, “ಹಂಗ್ಯಾಕ ಸುಳ್ಳ ಹೇಳ್ದಿ? ಈಗ ಆ ಬಾಜೂದಾಕಿ ಕಾಲೂ ಹೋಗ್ಲೇನು?” ಎಂದೆ.

ಅಕ್ಕ ಬ್ಯಾಂಡೇಜು ಸುತ್ತಿದ ತನ್ನ ಕಾಲನ್ನು ನೋಡಿಕೊಂಡಳು.

“ಬೆರಳ ಇನ್ನೂ ಎಂಟ ಅದಾವೋ ತಮ್ಮಾ, ಸೊಸಿ ಒಬ್ಬಾಕಿ. ಸುಮ್ನ ಕೂಡು, ಅವ್ರಿಗೆ ಕೇಳಿಸೀತು.”