ನಾಲ್ಕು ಗೆರೆಯ ಪುಸ್ತಕ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಶನಿವಾರ ಎರಡು ಗಂಟೆ ಇಂಗ್ಲಿಷ್ ಹೇಳಿಕೊಡುವವರು ಬೇಕು ಎಂದು ನಮ್ಮ ಬಸವೇಶ್ವರನಗರದ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಅಷ್ಟು ವರ್ಷ ಅಡುಗೆಮನೆಯ ಡಬ್ಬಗಳ ಮೇಲೆ ಚೀಟಿ ಬರೆದು ಅಂಟಿಸುವುದಕ್ಕಷ್ಟೇ ಒದಗಿತ್ತು. ಹೆಸರು ಕೊಟ್ಟೆ.

ಬ್ಯಾಡರಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹುಡುಗಿ ನಮ್ಮ ಊಟದ ಮೇಜಿನ ಮುಂದೆ ಅರ್ಧ ಕುರ್ಚಿಯಲ್ಲಿ ಮಾತ್ರ ಕೂತಳು. ಕನ್ನಡ ಮೀಡಿಯಂ. ಉಳಿದ ವಿಷಯಗಳ ಭಯವಿರಲಿಲ್ಲ.

"ಇಂಗ್ಲಿಷ್ ಪಾಸಾದ್ರೆ ಪಿಯುಸಿ ಆಂಟಿ. ಇಲ್ಲಾಂದ್ರೆ ಅಮ್ಮ ಕೆಲ್ಸ ಮಾಡೋ ಬಟ್ಟೆ ಅಂಗಡಿ," ಅಂದಳು.

ಅರ್ಧವಾರ್ಷಿಕದಲ್ಲಿ ಹೇಗೋ ಪಾಸಾಗಿದ್ದಳು. ಆ ಉತ್ತರಪತ್ರಿಕೆ ತೋರಿಸಿದಳು. ಎಲ್ಲ ಪ್ರಶ್ನೆಗೂ ಏನೋ ಒಂದು ಬರೆದಿದ್ದಳು.

"ಇದೇನೇ, ಕೋಳಿ ಕೆದಕಿದ ಹಾಗಿದೆ!"

"ಓದಕ್ಕಾದ್ರೆ ಸಾಲ್ದಾ ಆಂಟಿ?"

"ಅಕ್ಷರ ನೋಡೇ ಮಾರ್ಕ್ಸ್ ಹಾಕೋದು ಕಣೇ."

ನಮಗೆ ಸಿಸ್ಟರ್‌ಗಳು ಹಾಗೇ ಹೇಳಿದ್ದರು. ನಾಲ್ಕು ಗೆರೆಯ ಪುಸ್ತಕ ತಂದು ಕರ್ಸಿವ್ ಕಲಿಸಿದೆ. ಪೆನ್ನು ಎತ್ತದೆ ಒಂದು ಪದ. ಬರೆಯುವಾಗ ಅವಳ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಇಣುಕುತ್ತಿತ್ತು. ಫೆಬ್ರುವರಿಯ ಹೊತ್ತಿಗೆ ನನ್ನ ಸಾಲು ಯಾವುದು, ಅವಳದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಆ ಪುಸ್ತಕ ತೋರಿಸಿದೆ. ಗಡಿಯಾರ ಮುಂದಿಟ್ಟು ಒಂದೇ ಒಂದು ಪೇಪರು ಬರೆಸಲಿಲ್ಲ.

ಪರೀಕ್ಷೆಯ ದಿನ ಅವಳೇ ಫೋನ್ ಮಾಡಿದಳು.

"ಒಂದೂ ಚಿತ್ತಿಲ್ಲ ಆಂಟಿ! ಟೈಮ್ ಸಾಲ್ಲಿಲ್ಲ ಅಷ್ಟೇ. ಲೆಟರ್ರು, ಎಸ್ಸೇ, ಕೊನೇ ಪದ್ಯ ಬಿಟ್ಟೋಯ್ತು."

ದನಿಯಲ್ಲಿ ಖುಷಿಯೇ ಇತ್ತು. ನಾನು ಗ್ಯಾಸ್ ಆರಿಸಿ ಅಲ್ಲೇ ಕೂತೆ.

ಇಂಗ್ಲಿಷೊಂದೇ ಹೋಯಿತು. ಎರಡನೇ ಪರೀಕ್ಷೆಗೆ ಮುಂಚೆ, "ಅಕ್ಷರ ಹಾಳಾಗಲಿ, ಮೊದಲಿನ ಥರ ಗೀಚು," ಅಂದೆ. ಗಡಿಯಾರವನ್ನೂ ಇಟ್ಟೆ. ಅವಳು ಎರಡು ಸಾಲು ಓಡಿಸಿದಳು. ಮೂರನೆಯದರಲ್ಲಿ ಮತ್ತೆ ಬಾಲ, ಸುಳಿ, ಒಂದಕ್ಕೊಂದು ಕೊಂಡಿ.

"ಬರ್ತಿಲ್ಲ ಆಂಟಿ. ಕೈ ತಾನೇ ನಿಧಾನ ಆಗ್ತಿದೆ."

ಆ ಸಲವೂ ಆಗಲಿಲ್ಲ. ಮೂರನೇ ಪರೀಕ್ಷೆಗೆ ಅವಳು ಕೂರಲಿಲ್ಲ.

ಒಂದು ದಿನ ಅವಳ ಅಮ್ಮ ಫೋನ್ ಮಾಡಿದರು. "ನಮ್ ಅಂಗ್ಡೀಲೇ ಇದಾಳೆ ಮೇಡಂ. ಸೀರೆ ಬಾಕ್ಸ್ ಮೇಲಿನ ಚೀಟಿ ಎಲ್ಲಾ ಇವ್ಳ ಕೈಲೇ ಬರೆಸ್ತಾರೆ ಓನರ್ರು. ಪ್ರಿಂಟ್ ಹಾಕ್ದಂಗಿದೆ ಅಂತಾರೆ. ಎಲ್ಲಾ ನಿಮ್ಮಿಂದ್ಲೇ ಮೇಡಂ."

ಪರವಾಗಿಲ್ಲ ಬಿಡಿ ಅಂದೆ.